ಕುಪ್ಪಗಡ್ಡೆಗೆ, ಬ್ರೇಕು ತುಳಿಯದ ಹಾಗೆ

ಕಾರ್ತಿಕ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ಇಬ್ಬನಿ ಆರುವ ಮೊದಲೇ, ನಾನೂ ನನ್ನ ಹೆಂಡತಿ ಗಿರಿಜೆಯೂ ಶಿಕಾರಿಪುರದ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟೆವು. ಹೋಗಬೇಕಾದದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ, ಅವಳ ಅಕ್ಕನ ಮನೆಗೆ. ಶಿರಾಳಕೊಪ್ಪ, ತೊಗರ್ಸಿ, ಆನವಟ್ಟಿಯ ಮೇಲೆ ಹೋದರೆ ಐವತ್ತು ಅರವತ್ತು ಕಿಲೋಮೀಟರಿನ ದಾರಿ. ಬೇರೆಯವರಿಗೆ ಇದು ಪ್ರವಾಸವೇ ಅಲ್ಲ; ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಕಾಶಿಗೆ ಹೊರಟಷ್ಟು ಸಿದ್ಧತೆ ನಡೆದಿತ್ತು.

ಕಾರಣ ಗಿರಿಜೆಯ ಹೊಟ್ಟೆ. ಅವಳಿಗೆ ಚಿಕ್ಕಂದಿನಿಂದಲೂ ವಾಹನ ಆಗಿಬರುವುದಿಲ್ಲ. ನಮ್ಮ ಮದುವೆ ಮುಗಿಸಿ ವ್ಯಾನಿನಲ್ಲಿ ಬರುವಾಗ ಅವಳು ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಹೊಸ ಹೆಣ್ಣು, ತವರನ್ನು ನೆನೆದು ಅಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಆಮೇಲೆ ಮಾತ್ರೆ ನುಂಗಿ ನೋಡಿದಳು, ನಿಂಬೆಹಣ್ಣು ಮೂಸಿ ನೋಡಿದಳು, ಶುಂಠಿ ಜಗಿದು ನೋಡಿದಳು. ಕೆಲವು ವರ್ಷದ ಹಿಂದೆ ಅಕ್ಕನ ಮಗನ ಮದುವೆಗೆ ಹೋದವಳು ಧಾರೆಯ ಹೊತ್ತಿಗೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ವಾಲಗದ ಸದ್ದು ಮಾತ್ರ ಕೇಳಿಸಿತಂತೆ. ಅವತ್ತಿನಿಂದ, ನಡೆದು ಹೋಗಲಾಗದ ಊರಿಗೆ ಹೋಗುವುದನ್ನೇ ಬಿಟ್ಟಳು.

ಅದರಿಂದ ಅಂಥ ತೊಂದರೆ ಏನೂ ಆಗಿರಲಿಲ್ಲ, ಏಕೆಂದರೆ ಅಕ್ಕ ಗೌರಕ್ಕನೇ ಬರುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕೆಸುವಿನ ಗೆಡ್ಡೆ, ಇನ್ನೊಂದರಲ್ಲಿ ಅವಲಕ್ಕಿ ಚೀಲ ಹಿಡಿದು ಬಂದು, ವಾರ ಇದ್ದು ಹೋಗುತ್ತಿದ್ದರು. ತಾಯಿ ಬೇಗ ಹೋದ ಮನೆ ಅವರದು. ಗಿರಿಜೆಗೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟುಬಂದದ್ದು, ಹೆರಿಗೆಯ ಕಾಲದಲ್ಲಿ ಬಂದು ನಿಂತದ್ದು ಎಲ್ಲ ಗೌರಕ್ಕನೇ. ಹೋದ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಶನ್ ಆಯಿತು. ನಾನು ಹೋಗಿ ನೋಡಿಕೊಂಡು ಬಂದೆ. ಗಿರಿಜೆ ಬಸ್‌ಸ್ಟ್ಯಾಂಡಿನವರೆಗೆ ಬಂದು, ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟು, ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಹಿಂದಕ್ಕೆ ಇಳಿದಳು.

ಇನ್ನು ಕಾರಿನ ವಿಷಯ. ಅದು ನಮ್ಮ ಸೊಸೆ ಸವಿತಳ ಕಾರು. ಅವಳು ಶಿರಾಳಕೊಪ್ಪದ ಹತ್ತಿರ ಒಂದು ಶಾಲೆಯಲ್ಲಿ ಮೇಡಂ. ದಿನಾ ಹೋಗಿಬರಲು ಮಗ ಒಂದು ಹಳೆಯ ಸಣ್ಣ ಕಾರು ಕೊಂಡುಕೊಟ್ಟಿದ್ದ. ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿ ಈಗ ಅದನ್ನು ಮಗನಿಗೆ ಬಿಟ್ಟಿರುವ ನಾನು, ರಜಾ ದಿನಗಳಲ್ಲಿ ಸಂತೆಗೆ, ತೋಟಕ್ಕೆ ಅದನ್ನು ಒಯ್ಯುತ್ತಿದ್ದೆ. ಒಂದು ವಿಚಿತ್ರ ಎಂದರೆ, ಸವಿತಾ ಓಡಿಸಿದರೆ ಒಂದು ಲೀಟರಿಗೆ ಇಪ್ಪತ್ತರ ಮೇಲೆ ಹೋಗುವ ಕಾರು, ನನ್ನ ಕೈಯಲ್ಲಿ ಹದಿನಾಲ್ಕಕ್ಕೇ ಉಸಿರು ಬಿಡುತ್ತಿತ್ತು. ಟ್ಯಾಂಕು ಸೋರುತ್ತದೇನೋ ಎಂದು ನಾನು ಅಡಿಗೆ ಬಗ್ಗಿಯೂ ನೋಡಿದ್ದೆ.

ಒಂದು ಭಾನುವಾರ ಸವಿತಾ ನನ್ನ ಪಕ್ಕ ಕೂತು ಬಂದಳು. ಸಂತೆ ಮುಗಿಸಿ ಮನೆ ಮುಟ್ಟಿದ ಮೇಲೆ, "ಮಾವ, ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು" ಎಂದಳು.

"ಹೇಳಮ್ಮ."

"ನೀವು ಹಾಕ್ಸೋ ಪೆಟ್ರೋಲಲ್ಲಿ ಅರ್ಧ ಬ್ರೇಕಿಗೇ ಹೋಗ್ತೈತಿ."

ನನಗೆ ನಗು ಬಂತು. ಬ್ರೇಕಿಗೆ ಯಾರಾದರೂ ಪೆಟ್ರೋಲು ಹಾಕುತ್ತಾರೆಯೇ? ಆದರೆ ಅವಳು ಬಿಡಿಸಿ ಹೇಳಿದಳು. ಹಂಪು ದೂರದಲ್ಲಿ ಕಂಡರೂ ನಾನು ಅಲ್ಲಿಯವರೆಗೆ ರಭಸದಿಂದಲೇ ಹೋಗಿ, ಹತ್ತಿರ ಬಂದಾಗ ಬ್ರೇಕು ಒತ್ತಿ, ದಾಟಿದ ಮೇಲೆ ಮತ್ತೆ ಜೋರಾಗಿ ಕಾಲಿಡುತ್ತೇನೆ. ಪೆಟ್ರೋಲು ಸುಟ್ಟು ಗಳಿಸಿದ ಓಟವನ್ನು ಬ್ರೇಕು ನುಂಗಿಬಿಡುತ್ತದೆ. ಮೊದಲೇ ಕಾಲು ತೆಗೆದರೆ ಕಾರು ತನ್ನಷ್ಟಕ್ಕೆ ಉರುಳಿ ಹೋಗಿ, ಹಂಪಿನ ಹತ್ತಿರ ತಾನೇ ನಿಧಾನವಾಗುತ್ತದೆ. ಇಳಿಜಾರಿನಲ್ಲಿ ನಾನು ನ್ಯೂಟ್ರಲ್ ಮಾಡುತ್ತಿದ್ದೆ. ಹಳೇ ಜೀಪಿನವರಿಂದ ಕಲಿತದ್ದು. ಅದೂ ತಪ್ಪಂತೆ. ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಬಿಟ್ಟು ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ, ಗಾಡಿಯೂ ಹಿಡಿತದಲ್ಲಿರುತ್ತದೆ. ನಾನು ಎರಡನೇ ಗೇರಿನಲ್ಲಿ ಕಿರುಚಿಸುವುದನ್ನೂ, ಡಿಕ್ಕಿಯಲ್ಲಿ ಗಿರಣಿಯ ಹಳೇ ಬೆಲ್ಟು, ಖಾಲಿ ಚೀಲ, ಒಂದು ಕಬ್ಬಿಣದ ಚಕ್ರ ಹೊತ್ತು ತಿರುಗುವುದನ್ನೂ ಅವಳು ಬಿಡಲಿಲ್ಲ. ಕೊನೆಗೆ ಮಾತ್ರ ಸ್ವಲ್ಪ ಸಣ್ಣ ದನಿಯಲ್ಲಿ, "ಹಂಗೆ ಓಡಿಸಿದ್ರೆ ಕುಲುಕಾಟ ಇರಲ್ಲ ಮಾವ. ಅತ್ತೆಗೂ ವಾಂತಿ ಆಗ್ಲಿಕ್ಕಿಲ್ಲ ಅನ್ಸುತ್ತೆ" ಎಂದಳು.

ಪೆಟ್ರೋಲಿನ ಮಾತು ನನ್ನ ಕಿವಿಗೆ ಬಿದ್ದಿತ್ತು. ಈ ಮಾತು ಎದೆಗೇ ಬಿತ್ತು. ಡಿಕ್ಕಿ ಖಾಲಿ ಮಾಡಿದೆ, ಚಕ್ರಗಳಿಗೆ ಸರಿಯಾಗಿ ಗಾಳಿ ಹಿಡಿಸಿದೆ. ಸಂಜೆ ಹೊತ್ತು ಒಬ್ಬನೇ ಶಿರಾಳಕೊಪ್ಪದ ರಸ್ತೆಯಲ್ಲಿ ಹೋಗಿ ಬಂದು ಕಾಲಿಗೆ ಹೊಸ ಬುದ್ಧಿ ಕಲಿಸಿದೆ. ಕಲ್ಲಿಗೆ ಕಾಳು ಒಮ್ಮೆಲೇ ಸುರಿದರೆ ಮೋಟಾರು ಮುಲುಗುತ್ತದೆ, ಸಣ್ಣಗೆ ಬಿಟ್ಟರೆ ಹಾಡುತ್ತದೆ ಎಂಬುದು ಗಿರಣಿಯವನಾದ ನನಗೆ ಗೊತ್ತಿದ್ದದ್ದೇ. ಕಾರಿನಲ್ಲಿ ಕೂತಾಗ ಅದೇಕೆ ಮರೆತುಹೋಗುತ್ತಿತ್ತೋ.

ಹೀಗೆ ಹೊರಟಿದ್ದೆವು. ಗಿರಿಜೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮುಂದೆ ಕೂತರೆ ದಾರಿ ಕಾಣುತ್ತದೆ, ಒಳ್ಳೆಯದು ಎಂದು ಸವಿತಾ ಎಷ್ಟು ಹೇಳಿದರೂ ಕೇಳದೆ, "ಎದುರಿಂದ ಲಾರಿ ಬರೋದು ನೋಡಿದ್ರೇ ನಂಗೆ ಅರ್ಧ ಜೀವ ಹೋಗ್ತೈತೆ" ಎಂದು ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಮಲಗಿದಳು. ಕೈಯಲ್ಲಿ ನಿಂಬೆಹಣ್ಣು, ಪಕ್ಕದಲ್ಲಿ ಪ್ಲಾಸ್ಟಿಕ್ ಕವರುಗಳ ಒಂದು ಕಟ್ಟು.

ಶಿರಾಳಕೊಪ್ಪದವರೆಗಿನ ದಾರಿಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಮೆಕ್ಕೆಜೋಳ ಒಣಹಾಕಿದ್ದರು. ಅರ್ಧ ಟಾರು ರೈತರದು, ಅರ್ಧ ನಮ್ಮದು. ಎದುರಿನಿಂದ ಗಾಡಿ ಕಂಡ ಕೂಡಲೇ ನಾನು ಕಾಲು ಸಡಿಲ ಬಿಡುತ್ತಿದ್ದೆ. ಅದು ದಾಟಿ ಹೋಗುವ ಹೊತ್ತಿಗೆ ಸರಿಯಾಗಿ ನಾವು ಅಲ್ಲಿಗೆ ತಲುಪುತ್ತಿದ್ದೆವು, ನಿಲ್ಲಬೇಕಾಗುತ್ತಲೇ ಇರಲಿಲ್ಲ. ನಲವತ್ತರಿಂದ ಐವತ್ತರ ನಡುವೆ ಮುಳ್ಳು ಅಲುಗದೆ ನಿಂತಿತ್ತು. ಬೈಕಿನವರು ನಮ್ಮನ್ನು ದಾಟಿ, ತಿರುಗಿ ನೋಡಿ ಹೋದರು. ಹಿಂದಿನ ಸೀಟಿನಿಂದ ಸದ್ದಿಲ್ಲ.

"ಗಿರಿಜಾ?"

"ಮಾತಾಡಿಸಬೇಡ್ರಿ. ಬಾಯಿ ತೆಗದ್ರೆ ಬರ್ತೈತೆ."

ಆದರೆ ಬರಲಿಲ್ಲ. ಶಿರಾಳಕೊಪ್ಪದ ಗದ್ದಲವನ್ನೂ ದಾಟಿ ತೊಗರ್ಸಿ ಮುಟ್ಟಿದೆವು. ಮಲ್ಲಿಕಾರ್ಜುನನ ಗುಡಿಯ ಹತ್ತಿರ ನಿಲ್ಲಿಸಿದಾಗ ಬಿಸಿಲು ಹದವಾಗಿ ಏರಿತ್ತು. ಅವಳು ಇಳಿದು, ಕಲ್ಲು ಕಂಬಕ್ಕೆ ಒರಗಿ ನಿಂತು, "ಇಲ್ಲಿತನಕ ಬಂದೆನಲ್ರೀ" ಎಂದಳು. ಹಳೆಯ ಗುಡಿ, ಒಳಗೆ ತಣ್ಣಗಿತ್ತು. ತೀರ್ಥ ತೆಗೆದುಕೊಂಡಳು, ಅದೂ ಉಳಿಯಿತು. ಅವಳ ಮುಖದಲ್ಲಿ ಒಂದು ಧೈರ್ಯ ಮೂಡಿತು. ನನಗೂ ಸ್ವಲ್ಪ ಜಂಬ ಬಂತು.

ಆ ಜಂಬ ಆನವಟ್ಟಿಯವರೆಗೂ ಉಳಿಯಲಿಲ್ಲ. ತೊಗರ್ಸಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಬಸ್ಸು ಹಿಂದಿನಿಂದ ಹಾರನ್ನು ಬಾರಿಸುತ್ತ ಬಂದು, ನಮ್ಮನ್ನು ದಾಟಿ, ಮುಂದೆ ಕೈಮಾಡಿದ ಹೆಂಗಸೊಬ್ಬಳಿಗಾಗಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಬ್ರೇಕು ಒತ್ತದೆ ಬೇರೆ ದಾರಿ ಇರಲಿಲ್ಲ. ಕಾರು ಮುಗ್ಗರಿಸಿತು. ದಿಂಬಿನ ಸಮೇತ ಗಿರಿಜೆ ಸೀಟಿನ ಅಂಚಿಗೆ ಜಾರಿದಳು. ಬಸ್ಸಿನ ಹೊಗೆ ಕಿಟಕಿಯೊಳಗೆ ತುಂಬಿತು. ನಾನು ಕಾರನ್ನು ಒಂದು ಹುಣಸೇಮರದ ಅಡಿಗೆ ತಂದು ನಿಲ್ಲಿಸುವವರೆಗೂ ಅವಳು ತಡೆದುಕೊಂಡದ್ದೇ ದೊಡ್ಡದು.

ಬೆನ್ನು ನೀವಿದೆ, ನೀರು ಕೊಟ್ಟೆ. ಅವಳು ಮರದ ಬೇರಿನ ಮೇಲೆ ಕೂತು ಮುಖ ತೊಳೆದುಕೊಂಡಳು. ಕಣ್ಣಿನಲ್ಲಿ ನೀರಿತ್ತು, ವಾಂತಿಯಿಂದ ಬಂದದ್ದೋ, ಬೇರೆಯದೋ ನಾನು ಕೇಳಲಿಲ್ಲ.

"ವಾಪಸು ಹೋಗೋಣೇನು?" ಎಂದೆ.

ಅವಳು ಉತ್ತರ ಕೊಡುವ ಮೊದಲೇ ರಸ್ತೆಯ ತುಂಬ ಕುರಿಗಳು ಬಂದವು. ಇನ್ನೂರು ಮುನ್ನೂರು ಇರಬಹುದು. ಹಿಂದೆ ಕಂಬಳಿ ಹೊದ್ದ ಗಂಡ, ಮುಂದೆ ಕಂಕುಳಲ್ಲಿ ಮರಿ ಎತ್ತಿಕೊಂಡ ಹೆಂಡತಿ. ಕುರಿಗಳು ನಮ್ಮ ಕಾರನ್ನು ಸುತ್ತಿಕೊಂಡು ಹೊಳೆಯಂತೆ ಎರಡಾಗಿ ಹರಿದವು. ಆ ಹೆಂಗಸು ಗಿರಿಜೆಯನ್ನು ನೋಡಿ ನಿಂತಳು.

"ಯಾಕವ್ವ, ಆರಾಮಿಲ್ಲೇನು?"

"ಗಾಡಿ ಆಗಲ್ಲವ್ವ ನಂಗೆ."

"ಎಲ್ಲಿಗೆ ಹೊಂಟೀರಿ?"

"ಕುಪ್ಪಗಡ್ಡೆಗೆ. ಅಕ್ಕ ಬಿದ್ದು ಸೊಂಟ ಮುರ್ಕೊಂಡಾಳೆ."

"ನಾವೂ ಆ ಕಡೆಯಿಂದನೇ ಬಂದ್ವಿ. ಗದ್ದೆ ಕೊಯ್ಲು ನಡದೈತಿ ಅಲ್ಲಿ. ಇನ್ನೇನು, ಬಂದೇಬಿಡ್ತು ತಗಾ" ಎಂದು ಅವಳು ಹೇಳಿದಳು. ನಡೆದು ಬಂದವರಿಗೆ ಯಾವ ಊರೂ ಹತ್ತಿರವೇ. ಹೋಗುವ ಮುಂಚೆ ಕಂಕುಳಿನ ಮರಿಯನ್ನು ಗಿರಿಜೆಯ ಮಡಿಲಿಗೆ ಇಟ್ಟು, ಬಿಚ್ಚಿಹೋದ ತನ್ನ ಸೀರೆಯ ಕಚ್ಚೆ ಸರಿಮಾಡಿಕೊಂಡು, ಮರಿಯನ್ನು ಮತ್ತೆ ಎತ್ತಿಕೊಂಡಳು. ಅಷ್ಟು ಹೊತ್ತು ಗಿರಿಜೆ ಅದರ ಕಿವಿ ಸವರುತ್ತ ಕೂತಿದ್ದಳು.

ಕುರಿಯ ಧೂಳು ಅಡಗಿದ ಮೇಲೆ ಅವಳು ಎದ್ದು ನಿಂತಳು. "ಹಿಂದೆ ಹೋದ್ರೂ ಇಷ್ಟೇ ದೂರ, ಮುಂದೆ ಹೋದ್ರೂ ಇಷ್ಟೇ ದೂರ. ಮುಂದಕ್ಕೇ ಹೋಗೋಣ" ಎಂದು, ತಾನಾಗಿಯೇ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತಳು.

ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಒಂದು ಗಾಡಿಯ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮೊದಮೊದಲು ಎರಡೂ ಕೈಯಲ್ಲಿ ಮುಂದಿನ ಹಲಗೆ ಹಿಡಿದು, ಲಾರಿ ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ಮುಚ್ಚಿದರೆ ಹೊಟ್ಟೆ ತೊಳಸುತ್ತದೆ ಎಂದು ಅವಳಿಗೇ ಗೊತ್ತಾಯಿತು. ಆಮೇಲೆ ತೆರೆದುಕೊಂಡೇ ಇದ್ದಳು. ಸ್ವಲ್ಪ ಹೊತ್ತಿಗೆ, "ರೀ, ಅಲ್ಲಿ ಹಂಪು ಐತೆ" ಎಂದಳು.

ನೋಡಿದರೆ ಹೌದು. ಬಹಳ ದೂರದಲ್ಲಿ, ನನ್ನ ಕಣ್ಣಿಗೆ ಅಲ್ಲಿಯವರೆಗೆ ಬೀಳದಿದ್ದ ಒಂದು ಹಂಪು. ನಾನು ಕಾಲು ತೆಗೆದೆ. ಕಾರು ಉರುಳುತ್ತ ಹೋಗಿ, ತೊಟ್ಟಿಲಿನ ಹಾಗೆ ಏರಿ ಇಳಿಯಿತು.

"ಎಷ್ಟು ಮೆತ್ತಗೆ ದಾಟಿಸಿದ್ರಿ!" ಎಂದಳು.

ಆಮೇಲೆ ಅವಳಿಗೆ ಅದೇ ಕೆಲಸವಾಯಿತು. ಎಮ್ಮೆ ರಸ್ತೆ ದಾಟುವ ಅಂದಾಜಿನಲ್ಲಿ ನಿಂತಿದೆ, ಶಾಲೆಯ ಮಕ್ಕಳು ಬರುತ್ತಿದ್ದಾರೆ, ಟ್ರ್ಯಾಕ್ಟರಿನವನು ಬಲಕ್ಕೆ ತಿರುಗುವಂತೆ ಕಾಣುತ್ತದೆ, ಮುಂದೆ ತಿರುವಿದೆ. ಅವಳು ಹೇಳುವುದು, ನಾನು ಕಾಲು ತೆಗೆಯುವುದು. ಸವಿತಾ ಹೇಳಿದ ಮೇಲೂ ನಾನು ಕಲಿಯಲು ತಿಂಗಳು ತೆಗೆದುಕೊಂಡದ್ದನ್ನು, ದೂರ ನೋಡಿ ಓಡಿಸುವುದನ್ನು, ಗಿರಿಜೆ ತನ್ನ ಹೊಟ್ಟೆಯನ್ನು ಕಾಪಾಡಿಕೊಳ್ಳಲಿಕ್ಕೆ ಆನವಟ್ಟಿ ಮುಟ್ಟುವಷ್ಟರಲ್ಲಿ ಕಲಿತಿದ್ದಳು. ಮುಂದೇನು ಬರುತ್ತದೆ ಎಂದು ಮೊದಲೇ ತಿಳಿದರೆ ಅವಳ ಮೈ ಅದಕ್ಕೆ ಸಿದ್ಧವಾಗುತ್ತಿತ್ತು. ನನ್ನ ಪೆಟ್ರೋಲೂ ಉಳಿಯುತ್ತಿತ್ತು.

ಆನವಟ್ಟಿಯಲ್ಲಿ ಪೇಟೆಯ ಗದ್ದಲ ಜೋರಿತ್ತು. ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕಿ ನಿಂತಾಗ ನಾನು ಇಂಜಿನ್ ಆರಿಸಿ ಕೂತೆ. ಗಿರಿಜೆ ಇಳಿದು ಹೋಗಿ ಅಕ್ಕನಿಗೆ ಮಂಡಕ್ಕಿ, ಬಾಳೆಹಣ್ಣು, ಒಂದು ಜೊತೆ ಜಾರದ ಚಪ್ಪಲಿ ತಂದಳು. ಚಪ್ಪಲಿಯ ಅಳತೆಗೆ ತನ್ನ ಕಾಲನ್ನೇ ಇಟ್ಟು ನೋಡಿದಳಂತೆ. ಅಕ್ಕತಂಗಿಯರದು ಒಂದೇ ಅಳತೆ. ನಾನು ಚಹಾ ಕುಡಿದೆ. ಅವಳಿಗೂ ಬೇಕೇ ಎಂದು ಕೇಳಿದೆ, ಬೇಡವೆಂದಳು. ಆದರೆ ಕಾರು ಹೊರಟ ಮೇಲೆ ಅಕ್ಕನ ಪೊಟ್ಟಣದಿಂದಲೇ ನಾಲ್ಕು ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡದ್ದನ್ನು ನಾನು ಓರೆಗಣ್ಣಿನಿಂದ ನೋಡಿದೆ.

ಕುಪ್ಪಗಡ್ಡೆಯ ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಗೌರಕ್ಕನ ಮನೆಯ ಮುಂದೆ ಕಾರು ನಿಂತಾಗ ಅವರು ಜಗಲಿಯ ಮಂಚದ ಮೇಲೆ, ಮಗ್ಗುಲಲ್ಲಿ ವಾಕರ್ ಇಟ್ಟುಕೊಂಡು ಕೂತಿದ್ದರು. ನಾವು ಬರುವುದು ಗೊತ್ತಿತ್ತು. ಆದರೆ ತಂಗಿ ಬರುವ ರೀತಿಯೂ ಅವರಿಗೆ ಗೊತ್ತಿತ್ತಲ್ಲ. ಒಂದು ಚಾಪೆ ಹಾಸಿ, ದಿಂಬು ಇಟ್ಟು, ಒಂದು ಚೊಂಬು ನೀರು, ಒಂದು ಬೋಗುಣಿ ಎಲ್ಲ ಸಿದ್ಧ ಮಾಡಿಸಿದ್ದರು.

ಗಿರಿಜೆ ಇಳಿದು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಡೆದು ಹೋಗಿ ಅವರ ಮುಂದೆ ನಿಂತಳು.

ಗೌರಕ್ಕ ಅವಳ ಮುಖ ನೋಡಿದರು. ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ನೀನೇ ಏನೇ? ನಡ್ಕೊಂಡು ಬಂದ್ಯೇನೇ?"

"ಕಾರಲ್ಲೇ ಬಂದೆ ಕಣೆ. ಮುಂದಿನ ಸೀಟಲ್ಲಿ ಕೂತು ಬಂದೆ. ಹಸಿವಾಗೈತೆ, ಏನಾದ್ರೂ ಹಾಕ್ಸು."

ಗೌರಕ್ಕ ನಗಲಿಕ್ಕೆ ಬಾಯಿ ತೆರೆದವರು ಅತ್ತುಬಿಟ್ಟರು. ಗಿರಿಜೆ ಅವರ ಪಕ್ಕ ಕೂತು, ತೋಳು ಬಳಸಿ, ಅವರ ಸೊಂಟಕ್ಕೆ ತಾಗದ ಹಾಗೆ ನಿಧಾನವಾಗಿ ಒರಗಿಕೊಂಡಳು. ನಾನು ಬಾಳೆಹಣ್ಣಿನ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಊಟಕ್ಕೆ ಅಕ್ಕಿರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಸೊಪ್ಪಿನ ಸಾರು, ಮಜ್ಜಿಗೆ. ಗಿರಿಜೆ ಮೂರು ರೊಟ್ಟಿ ತಿಂದಳು. ಬಾಗಿಲಲ್ಲಿ ಕೂತ ಗೌರಕ್ಕ ಅವಳು ತಿನ್ನುವುದನ್ನೇ ನೋಡುತ್ತ, "ಇನ್ನೊಂದು ಹಾಕಿಸ್ಕೋ" ಎಂದು ಹೇಳುತ್ತಲೇ ಇದ್ದರು. ಸಂಜೆಯವರೆಗೂ ಇಬ್ಬರ ಮಾತು ಮುಗಿಯಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು, ವಾಕರ್ ಹಿಡಿದು, ಅಕ್ಕ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು.

ಮರುದಿನ ಗೌರಕ್ಕ ಸೊರಬಕ್ಕೆ ಹೋಗಬೇಕಿತ್ತು. ಮೂಳೆ ಡಾಕ್ಟರು ಹೊರಗಿನಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ಎಕ್ಸ್‌ರೇ ತೆಗೆಸಿ ತೋರಿಸಬೇಕು. ಮಗ ಮಲ್ಲೇಶ ಆಟೋ ಹೇಳಿದ್ದ. ಆದರೆ ಅವತ್ತೇ ಕೊಯ್ಲು ಯಂತ್ರ ಅವರ ಗದ್ದೆಗೆ ಬರುವ ಪಾಳಿ. ತಪ್ಪಿದರೆ ಮತ್ತೆ ಯಾವತ್ತೋ. ಹಿಂದಿನ ಸಲ ಆಟೋದ ಕುಲುಕಾಟಕ್ಕೆ ಮನೆಗೆ ಬಂದು ಎರಡು ದಿನ ಏಳಲಾಗಲಿಲ್ಲವೆಂದು ಗೌರಕ್ಕ ಹೇಳುತ್ತಿದ್ದಂತೆಯೇ ಗಿರಿಜೆ, "ಆಟೋ ಬೇಡ ಅನ್ನು ಮಲ್ಲೇಶ. ನಾವು ಕರ್ಕೊಂಡು ಹೋಗ್ತೀವಿ. ಇವರು ಮೆತ್ತಗೆ ಓಡಿಸ್ತಾರೆ" ಎಂದಳು. ಅವಳ ಬಾಯಿಂದ ಅಂಥ ಸರ್ಟಿಫಿಕೇಟು ನನಗೆ ಗಿರಣಿ ನಡೆಸಿದ ಕಾಲದಲ್ಲೂ ಸಿಕ್ಕಿರಲಿಲ್ಲ.

ಬೆಳಿಗ್ಗೆ ಕಾರಿನ ಹತ್ತಿರ ಬಂದಾಗಲೇ ತೊಡಕು ಗೊತ್ತಾದದ್ದು. ಗೌರಕ್ಕ ಕಾಲು ಮಡಚಿ ಕೂರುವಂತಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕೆಳಗೆ ದಿಂಬು ಇಟ್ಟು ಎತ್ತರಿಸಿದರೆ ಮಾತ್ರ ಕಾಲು ಚಾಚಿ ಕೂರಬಹುದು. ಅಂದರೆ ಗಿರಿಜೆ ಹಿಂದೆ ಕೂರಬೇಕು.

"ನೀನು ಇಲ್ಲೇ ಇರು" ಎಂದೆ. "ನಾನು ಅಕ್ಕನ್ನ ಕರ್ಕೊಂಡು ಹೋಗಿ ಬರ್ತೀನಿ."

"ಶಿವಮೊಗ್ಗದ ಆಸ್ಪತ್ರೆಗೂ ನಾನು ಬರಲಿಲ್ಲ" ಎಂದಳು ಗಿರಿಜೆ. ಅಷ್ಟೇ ಹೇಳಿ ಹಿಂದಿನ ಸೀಟಿನ ನಟ್ಟನಡುವೆ ಕೂತು, ಎರಡು ಸೀಟುಗಳ ನಡುವಿನ ಸಂದಿನಿಂದ ರಸ್ತೆ ಕಾಣುವ ಹಾಗೆ ಮುಂದಕ್ಕೆ ಬಾಗಿದಳು.

ಸೊರಬದ ದಾರಿಯಲ್ಲಿ ತಿರುವುಗಳು ಜಾಸ್ತಿ. ನಾನು ಹಿಂದಿನ ದಿನಕ್ಕಿಂತಲೂ ನಿಧಾನಕ್ಕೆ, ಮೂರನೇ ಗೇರಿನಲ್ಲಿ, ಮೊಟ್ಟೆಯ ಬುಟ್ಟಿ ಹೊತ್ತವನ ಹಾಗೆ ಹೋಗುತ್ತಿದ್ದೆ. ಗೌರಕ್ಕನ ಮುಖದಲ್ಲಿ ನೋವು ಕಾಣಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಗಿರಿಜೆಯ ಮುಖ ಮಾತ್ರ ಬಿಳಿಚಿಕೊಳ್ಳುತ್ತಿತ್ತು. ಸೀಟಿನ ಸಂದು ಚಿಕ್ಕದು, ಅವಳಿಗೆ ರಸ್ತೆ ಅರ್ಧವೇ ಕಾಣುತ್ತಿತ್ತು. ನಿಲ್ಲಿಸಲೇ ಎಂದು ಕನ್ನಡಿಯಲ್ಲೇ ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿ, ಅಕ್ಕನ ಕಾಲಿನ ಕಡೆ ಕಣ್ಣಲ್ಲೇ ತೋರಿಸಿದಳು. ರಸ್ತೆಯ ಅಂಚು ಅಲ್ಲಿ ಹಳ್ಳ ಬಿದ್ದಿತ್ತು. ಕಾರನ್ನು ಕೆಳಗಿಳಿಸಿ ಮತ್ತೆ ಹತ್ತಿಸಿದರೆ ಅಕ್ಕನ ಸೊಂಟಕ್ಕೆ ಪೆಟ್ಟು.

ಗೌರಕ್ಕನಿಗೆ ಕುತ್ತಿಗೆ ತಿರುಗಿಸಿ ನೋಡಲು ಆಗುತ್ತಿರಲಿಲ್ಲ. ಆದರೂ ಹೇಗೋ ತಿಳಿಯಿತು. ಬಲಗೈಯನ್ನು ಸೀಟಿನ ಸಂದಿನಿಂದ ಹಿಂದಕ್ಕೆ ಚಾಚಿದರು. ಗಿರಿಜೆ ಹಿಡಿದುಕೊಂಡಳು. ಅಕ್ಕ ಹೇಳತೊಡಗಿದರು.

"ನೋಡೇ, ಈಗ ಎಡಕ್ಕೆ ತಿರುಗ್ತೈತೆ. ಉದ್ದ ತಿರುವು. ಇನ್ನೂ ಐತೆ, ಇನ್ನೂ ಐತೆ... ಹಾಂ, ಮುಗೀತು. ಈಗ ನೆಟ್ಟಗೆ. ಎರಡೂ ಕಡೆ ಗದ್ದೆ. ನಮ್ಮಪ್ಪ ಗುತ್ತಿಗೆಗೆ ಮಾಡ್ತಿದ್ದ ಗದ್ದೆ ಇತ್ತಲ್ಲ, ಅಂಥದ್ದೇ ಒಂದು, ನೀರು ನಿಂತೈತೆ. ಮುಂದೆ ಒಂದು ಇಳಿಜಾರು. ಇಳೀತೀವಿ ಈಗ, ನಿಧಾನಕ್ಕೆ. ಒಬ್ಬ ಸೈಕಲ್ಲಲ್ಲಿ ಹುಲ್ಲು ಹೇರ್ಕೊಂಡು ಹೋಗ್ತಾನೆ, ಹುಲ್ಲೇ ಸೈಕಲ್ ಹೊಡ್ದ ಹಂಗೆ ಕಾಣ್ತೈತೆ..."

ಸೊರಬದವರೆಗೂ ಹೀಗೇ. ತಂಗಿಗೆ ಕಾಣದ ರಸ್ತೆಯನ್ನು ಅಕ್ಕ ಬಾಯಿಂದ ತೋರಿಸುತ್ತ ಬಂದರು. ನಡುನಡುವೆ ಅವರ ಚಿಕ್ಕಂದಿನ ಮಾತು ಸೇರಿಕೊಳ್ಳುತ್ತಿತ್ತು. ಶಾಲೆಗೆ ಹೋಗುವಾಗ ಹಳ್ಳ ದಾಟಲು ಹೆದರಿ ನಿಲ್ಲುತ್ತಿದ್ದ ಗಿರಿಜೆಯನ್ನು, ಕಣ್ಣು ಮುಚ್ಚಿಸಿ, ಒಂದೊಂದೇ ಕಲ್ಲಿನ ಹೆಸರು ಹೇಳಿ ದಾಟಿಸುತ್ತಿದ್ದರಂತೆ. ನಾನು ಅವರ ಮಾತಿಗೆ ತಕ್ಕ ಹಾಗೆ ಕಾಲು ತೆಗೆಯುತ್ತ, ಇಡುತ್ತ ಹೋದೆ. ಯಾರೂ ಬ್ರೇಕಿನ ಸದ್ದು ಕೇಳಲಿಲ್ಲ.

ಸೊರಬದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಗಿರಿಜೆ ಇಳಿದು, ಕಾಂಪೌಂಡಿನ ಮೂಲೆಗೆ ಹೋಗಿ, ಒಮ್ಮೆ ವಾಂತಿ ಮಾಡಿದಳು. ಬಾಯಿ ಮುಕ್ಕಳಿಸಿ ಬಂದು, "ಒಂದೇ ಸಲ" ಎಂದಳು, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. ಆಮೇಲೆ ಅಕ್ಕನ ತೋಳು ಹಿಡಿದು ಒಳಗೆ ಕರೆದೊಯ್ದವಳು ಅವಳೇ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಇನ್ನು ವಾಕರ್ ಬಿಟ್ಟು ಕೋಲು ಹಿಡಿಯಬಹುದು ಎಂದರು. ಗೌರಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಬಸ್ಸು ಹತ್ತಬಹುದಾ ಸಾರ್?"

"ಬಸ್ಸು ಇನ್ನೂ ಬೇಡಮ್ಮ. ಕಾರಲ್ಲಿ, ಕುಲುಕದ ಹಾಗೆ ಹೋದ್ರೆ ಅಡ್ಡಿಯಿಲ್ಲ."

ಊಟ ಅಲ್ಲೇ ಒಂದು ಖಾನಾವಳಿಯಲ್ಲಿ ಮಾಡಿದೆವು. ಗೌರಕ್ಕನಿಗೆ ಒಂದು ಊರುಗೋಲು ಕೊಂಡೆವು. ಕಾರು ಹತ್ತಿ ಹೊರಟು ಸರ್ಕಲ್ಲಿನ ಹತ್ತಿರ ಬಂದಾಗ ನಾನು ನಿಧಾನಿಸಿದೆ. ಒಂದು ರಸ್ತೆ ಕುಪ್ಪಗಡ್ಡೆಗೆ. ಇನ್ನೊಂದು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ. ಅಕ್ಕನನ್ನು ಮನೆಗೆ ಬಿಟ್ಟು, ಅಲ್ಲಿಂದ ನಾವು ಹೊರಡಬೇಕೆಂದು ಮಾತಾಗಿತ್ತು. ಗೌರಕ್ಕ ಶಿಕಾರಿಪುರದ ಬೋರ್ಡನ್ನೇ ನೋಡುತ್ತಿದ್ದರು.

"ಯಾವ ಕಡೆ?" ಎಂದು ಕೇಳಿದೆ.

"ಅಕ್ಕನ್ನ ಕೇಳ್ರಿ" ಎಂದಳು ಗಿರಿಜೆ.

ಗೌರಕ್ಕ ಮಡಿಲಿನ ಕೋಲನ್ನು ಸವರಿದರು. "ಸೀರೆ ತಂದಿಲ್ಲ ಕಣೆ ನಾನು."

"ನಂದು ಉಡು."

"ಮಲ್ಲೇಶ ಏನಂತಾನೋ."

ಗಿರಿಜೆ ಆಗಲೇ ಫೋನು ಹಚ್ಚಿದ್ದಳು. ಆ ಕಡೆಯಿಂದ ಕೊಯ್ಲು ಯಂತ್ರದ ಗದ್ದಲದ ನಡುವೆ ಮಲ್ಲೇಶ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು: "ಕರ್ಕೊಂಡು ಹೋಗು ಚಿಕ್ಕಮ್ಮ! ಬಟ್ಟೆ, ಮಾತ್ರೆ ನಾಳೆ ಬಸ್ಸಿಗೆ ಕೊಟ್ಟು ಕಳಿಸ್ತೀನಿ!"

ನಾನು ಇಂಡಿಕೇಟರ್ ಹಾಕಿದೆ. ಕಾರು ಶಿರಾಳಕೊಪ್ಪದ ರಸ್ತೆಗೆ ತಿರುಗಿತು.

ಸ್ವಲ್ಪ ದೂರದವರೆಗೆ ಗೌರಕ್ಕ ಮತ್ತೆ ರಸ್ತೆ ಹೇಳುತ್ತ ಬಂದರು. ಬರಬರುತ್ತ ಮಾತು ಬಿಡಿಬಿಡಿಯಾಯಿತು. ಶಿರಾಳಕೊಪ್ಪ ದಾಟಿದ ಮೇಲೆ ನಿಂತೇಹೋಯಿತು. ಪಕ್ಕಕ್ಕೆ ನೋಡಿದರೆ ಅವರು ತಲೆ ಒರಗಿಸಿ ನಿದ್ದೆ ಹೋಗಿದ್ದರು. ಕನ್ನಡಿಯಲ್ಲಿ ನೋಡಿದೆ. ಗಿರಿಜೆ, ಅಕ್ಕನ ಸೀಟಿನ ಹಿಂಬದಿಗೆ ಕೆನ್ನೆ ಒತ್ತಿ, ಅವರ ಕೈಯನ್ನು ಹಿಡಿದುಕೊಂಡೇ ಮಲಗಿಬಿಟ್ಟಿದ್ದಳು. ಗಾಡಿಯಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಯಾವತ್ತೂ ಕಂಡವನಲ್ಲ.

ಸಂಜೆಯ ಬಿಸಿಲು ಹಳದಿಯಾಗಿತ್ತು. ಮೆಕ್ಕೆಜೋಳವನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಶಿಕಾರಿಪುರ ಬಂತು. ನಮ್ಮ ಬೀದಿ ಬಂತು. ಗೇಟಿನ ಮುಂದೆ ಸವಿತಾ ನಿಂತು ಕೈ ಮಾಡಿದಳು. ನಾನು ತುಟಿಗೆ ಬೆರಳಿಟ್ಟು ಒಳಗೆ ತೋರಿಸಿದೆ. ಅವಳು ಬಗ್ಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಹಿಂದಕ್ಕೆ ಸರಿದಳು. ನಾನು ನಿಲ್ಲಿಸದೆ ಬೀದಿಯ ಕೊನೆಗೆ ಹೋಗಿ, ಕೆರೆಯ ಕಡೆಗೆ ತಿರುಗಿಸಿದೆ. ನಿಲ್ಲಿಸಿದರೆ ಎಚ್ಚರವಾಗುತ್ತಿತ್ತು.

ಹುಚ್ಚರಾಯಸ್ವಾಮಿ ಕೆರೆಯ ಹತ್ತಿರ ತಣ್ಣನೆ ಗಾಳಿ ಇತ್ತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮೂರನೇ ಗೇರಿನಲ್ಲಿ ಒಂದು ಸುತ್ತು ಹಾಕಿದೆ. ಇನ್ನೊಂದು ಸುತ್ತಿಗೆ ತಿರುಗಿಸಿದಾಗ ಹಿಂದಿನಿಂದ, ಕಣ್ಣು ಬಿಡದೆಯೇ, ಗಿರಿಜೆ ಕೇಳಿದಳು.

"ರೀ, ಮನೆ ದಾಟಿ ಬಂದ್ರಲ್ಲ?"

"ಗೊತ್ತು" ಎಂದೆ. "ಮಲಗು."